ಫಕೀರಪ್ಪ ಮಾಸ್ತರನ ಬೆರಳು

ನಮ್ಮ ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಮ್ಯಾಂಡೊಲಿನ್ ಕಲಿಸುತ್ತಿದ್ದ ಫಕೀರಪ್ಪ ಮಾಸ್ತರ ಹೋಗಿ ಇವತ್ತಿಗೆ ಎಂಟು ದಿನ. ನಾನು ಹೇಳುತ್ತೇನೆ, ಮೊಮ್ಮಗಳು ಜಯಾ ಬರೆದುಕೊಳ್ಳುತ್ತಾಳೆ. ಅವಳ ಎಡಗೈ ಬೆರಳಿಗೆ ಪಟ್ಟಿ ಇದೆ. ಬರೆಯುವುದು ಬಲಗೈ, ಅಡ್ಡಿಯಿಲ್ಲ. ಪಟ್ಟಿ ಯಾಕೆಂದು ಆಮೇಲೆ ಹೇಳುತ್ತೇನೆ.

ಅವನು ಎದುರುಮನೆಗೆ ಬಾಡಿಗೆಗೆ ಬಂದಾಗ ನಮ್ಮ ಮನೆಯವರು ಇನ್ನೂ ಇದ್ದರು. ಅವರಿಗೆ ಸಂಜೆ ಮಲಗುವ ಚಟ. "ಏನ್ ಕಿಣಿಕಿಣಿ ಹಚ್ಚ್ಯಾನ ಇಂವಾ!" ಅಂತ ಜಗಳಕ್ಕೆ ಹೋದವರು ಅಲ್ಲೇ ಕೂತು, ಎರಡು ಭಜನೆ ಕೇಳಿ, ತಲೆಯಾಡಿಸುತ್ತ ವಾಪಸು ಬಂದರು. ಮುಚ್ಚಿಹೋದ ಯಾವುದೋ ನಾಟಕ ಕಂಪನಿಯಿಂದ ಕೊಂಡ ವಾದ್ಯವಂತೆ ಅದು. ಎಂಟು ಉಕ್ಕಿನ ತಂತಿ. ಅದನ್ನು ಮೀಟುವುದಕ್ಕೆ ಹಳೆಯ ಸೋಪಿನ ಡಬ್ಬಿ ಕತ್ತರಿಸಿ ಚೂರು ಮಾಡಿಕೊಳ್ಳುತ್ತಿದ್ದ. ನನ್ನದೊಂದು ಹಸಿರು ಡಬ್ಬಿಯನ್ನೂ ಕತ್ತರಿಸಿದ, ಕೇಳದೆಯೇ. ಅದಿರಲಿ.

ತಂತಿ ಒತ್ತಿದರೆ ಹೊಸ ಮಕ್ಕಳ ಬೆರಳಿಗೆ ಬೊಬ್ಬೆ ಬರುತ್ತದೆ. ಅತ್ತರೆ ಅವನು ತನ್ನ ಎಡಗೈ ತೋರಿಸುತ್ತಿದ್ದ. ಬೆಳಿಗ್ಗೆ ನಾನು ಸ್ನಾನದ ನೀರಿಗೆ ಒಲೆ ಹಚ್ಚಿದಾಗ ಬೀಡಿ ಹಿಡಿದು ಬರುತ್ತಿದ್ದ; ಇಕ್ಕಳ ಬೇಡ, ಕೆಂಡವನ್ನೇ ಬೆರಳಲ್ಲಿ ಎತ್ತಿ ಹೊತ್ತಿಸಿಕೊಳ್ಳುತ್ತಿದ್ದ.

"ನೋಡ್ರಿ ರೇಣಕ್ಕಾರ, ಮೂವತ್ತು ವರ್ಷದ ಸಾಧನಿ. ಚುರ್ ಅನ್ನೂದಿಲ್ಲ."

"ಕಬ್ಬಿಣ ಆಗ್ಯಾವ ಬಿಡೋ ನಿನ್ನ ಬೆರಳು," ಅಂದೆ ನಾನು. ಮೆಚ್ಚಿಯೇ ಅಂದೆ. ಒಂದು ಸಲ ಸುಟ್ಟ ವಾಸನೆ ಬಂದು ನಾನೇ ಅವನ ಕೈ ಜಾಡಿಸಿ ಕೆಂಡ ಕೆಡವಿದೆ. ಆಗಲೂ ಅವನು ನಕ್ಕ. ನಾನೂ ನಕ್ಕೆ. ಇದನ್ನು ಬರೆ ಜಯಾ, ಬಿಡಬೇಡ.

ಬರುಬರುತ್ತ ಕಿರುಬೆರಳು ಒಳಗೆ ಮಡಚತೊಡಗಿತು. ಹಗಲೆಲ್ಲ ಬಾರಿಸಿ ಸೆಟೆದಿದೆ ಅಂದುಕೊಂಡು ಅದಕ್ಕೊಂದು ಬಿದಿರಿನ ಸೀಳು ಕಟ್ಟಿಕೊಂಡ. ಒಂದು ಸಾವಿನ ಮನೆಯ ಭಜನೆಯಲ್ಲಿ ತಬಲಾದ ಗೌಸಸಾಬ ಪಕ್ಕದಲ್ಲಿ ಕೂತಿದ್ದ. ತಂತಿ ಕೆಂಪಾಗಿದ್ದು ಅವನ ಕಣ್ಣಿಗೆ ಬಿತ್ತು.

"ಮಾಸ್ತರ, ರಕ್ತ ಸೋರಾಕತ್ತೈತ್ರಿ! ನೋವಾಗವಲ್ದೇನು?"

"ಏ ಸಾಬ, ನೋವು ನಿಂತು ಎರಡು ವರ್ಷಾತು. ನೀ ತಾಳ ತಪ್ಪಬ್ಯಾಡ."

ಮರುದಿನ ಗೌಸಸಾಬ ಬೈದು ದವಾಖಾನೆಗೆ ಎಳೆದೊಯ್ದ. ಡಾಕ್ಟರು ಕಣ್ಣು ಮುಚ್ಚಿಸಿ ಬೆರಳಿಗೆ ಹತ್ತಿ ಮುಟ್ಟಿಸಿದರಂತೆ. "ಯಾವಾಗ ಮುಟ್ಟತೀರಿ?" ಅಂತ ಇವನು ಕೇಳಿದನಂತೆ. ಅಷ್ಟು ಹೊತ್ತಿಗೆ ಅವರು ಐದು ಸಲ ಮುಟ್ಟಿ ಮುಗಿಸಿದ್ದರು.

ಕುಷ್ಠ. ಮೊಣಕೈ ಮೇಲಿನ ಬಿಳಿ ಮಚ್ಚೆಯನ್ನು ಬಿಸಿಲಿನದು ಅಂದುಕೊಂಡಿದ್ದೆವು. ಒಂದು ವರ್ಷ ಗುಳಿಗೆ ನುಂಗಿದರೆ ರೋಗ ಹೋಗುತ್ತದೆ, ಆದರೆ ಸತ್ತ ಬೆರಳಿಗೆ ಜೀವ ಬರುವುದಿಲ್ಲ, ಎರಡು ವರ್ಷ ಮೊದಲೇ ಬರಬೇಕಿತ್ತು ಅಂದರು. ಆ ಎರಡು ವರ್ಷ ಅವನು ನನ್ನ ಒಲೆಯ ಮುಂದೆ ಕೂತಿದ್ದ.

ಹನ್ನೊಂದು ಮಕ್ಕಳು ಬರುತ್ತಿದ್ದರು. ಒಂದು ವಾರದಲ್ಲಿ ಜಯಾ ಒಬ್ಬಳೇ ಉಳಿದಳು. ಸೊಸೆ ದಾಕ್ಷಾಯಿಣಿ ನನ್ನ ಮೇಲೆ ಹರಿಹಾಯ್ದಳು. "ಅತ್ತಿ, ನಾಳೆ ಇಕಿನ್ನ ಯಾರ್ ಮಾಡ್ಕೋತಾರ್ರಿ?"

"ಗುಳಿಗಿ ಸುರು ಆದ ಮ್ಯಾಲ ಹತ್ತೂದಿಲ್ಲಂತ ಡಾಕ್ಟರ ಹೇಳ್ಯಾರ. ಹೋಗ್ಲಿ ಬಿಡ ಹುಡುಗಿ," ಅಂದೆ. ಬಾಯಲ್ಲಿ ಅಂದೆ. ಕೈ ಬೇರೆಯೇ ಮಾಡಿತು. ಅವನು ಚಹಾ ಕುಡಿಯುವ ಲೋಟವನ್ನು ತೊಳೆದು ಕಿಟಕಿಯ ಮೇಲೆ ಬೇರೆ ಇಟ್ಟೆ. ಅವನು ನೋಡಿದ. ಮರುದಿನದಿಂದ ತನ್ನ ಮನೆಯ ಸ್ಟೀಲ್ ಲೋಟ ಹಿಡಿದುಕೊಂಡೇ ಬಂದ. "ನಿಮಗ್ಯಾಕ ತೊಳಿಯೂ ತ್ರಾಸು, ಅಕ್ಕಾರ," ಅಂದ, ಅಷ್ಟೇ.

ಗುಳಿಗೆ ಮುಗಿದವು. ರೋಗ ಹೋಯಿತೆಂದು ಚೀಟಿ ಕೊಟ್ಟರು. ಅದನ್ನು ಬಾಗಿಲಿಗೆ ಅಂಟಿಸಿದ. ಯಾರೂ ಓದಲಿಲ್ಲ. ಮದುವೆಗೂ ಕರೆಯಲಿಲ್ಲ, ಸಾವಿಗೂ ಕರೆಯಲಿಲ್ಲ.

ಜಯಾಗೆ ಬಾಯಲ್ಲೇ ಸ್ವರ ಹೇಳಿಕೊಡುತ್ತಿದ್ದ. ಮ್ಯಾಂಡೊಲಿನ್ ಅವಳ ಮಡಿಲಲ್ಲಿ, ಮಡಚಿದ ಕೈ ಅವನ ಶಾಲಿನೊಳಗೆ. ಆದರೆ ಪಾಠಕ್ಕೆ ಮೊದಲು ಒಂದು ಕೆಲಸ ಹೊಸದಾಗಿ ಸುರುವಾಗಿತ್ತು. ಅವಳೇ ಸೂಜಿಯಿಂದ ತನ್ನ ಒಂದೊಂದೇ ಬೆರಳಿನ ತುದಿ ಮುಟ್ಟಬೇಕು, ಅವನು ಎದುರು ಕೂತು ಅವಳ ಮುಖ ನೋಡುತ್ತಿದ್ದ.

"ಚುಚ್ಚತೈತೇನವಾ?"

"ಹೂಂ ರೀ ಮಾಸ್ತರ."

"ಖರೇ ಹೇಳು. ನನ್ನ ಖುಷಿ ಸಲುವಾಗಿ ಹೇಳಬ್ಯಾಡ."

"ಖರೇ ರೀ, ಭಾಳ ಚುಚ್ಚತೈತಿ."

"ಹಂಗಾದ್ರ ಬಾರ್ಸು."

ಹೋದ ವಾರ ಜ್ವರ ಬಂದು ಮೂರೇ ದಿನದಲ್ಲಿ ಹೋದ. ಹೆಣವನ್ನು ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದೆವು. ಊರಿನ ಎಷ್ಟೋ ಹೆಣಗಳ ಮುಂದೆ ಬಾರಿಸಿದವನು. ಅವನ ಮುಂದೆ ಭಜನೆಗೆ ಬಂದದ್ದು ಗೌಸಸಾಬ ಮತ್ತು ಜಯಾ. ಓಣಿಯವರು ತಮ್ಮ ತಮ್ಮ ಕಟ್ಟೆಯ ಮೇಲೆ ನಿಂತು ನೋಡಿದರು. ದಾಕ್ಷಾಯಿಣಿ ಬಂದು ಬಾಗಿಲಲ್ಲಿ ಕೂತಳು, ಒಳಗೆ ಬರಲಿಲ್ಲ.

ಬೆಳಿಗ್ಗೆಯಿಂದ ಹೆಣ ಎತ್ತುವವರೆಗೆ ಜಯಾ ಬಾರಿಸಿದಳು. ಮಧ್ಯಾಹ್ನದ ಹೊತ್ತಿಗೆ ತೋರುಬೆರಳು ಸೀಳಿ ತಂತಿ ಕೆಂಪಾಯಿತು. ಗೌಸಸಾಬ ತಬಲಾ ನಿಲ್ಲಿಸಿದ. ಅವಳು ನನ್ನ ಕಡೆ ತಿರುಗಿದಳು.

"ಅಜ್ಜಿ, ಉರಿಯಾಕತ್ತೈತಿ."

ನನಗೆ ಅಳು ಬಂದದ್ದು ಆಗ, ಅಲ್ಲಿಯವರೆಗೆ ಬಂದಿರಲಿಲ್ಲ. ಅವಳ ಬೆರಳು ಹಿಡಿದು ಅವನ ಮುಖದ ಮುಂದೆ ಒಯ್ದೆ.

"ಕೇಳಿದೇನೋ ಫಕೀರಪ್ಪ? ಹುಡುಗಿಗೆ ಉರಿಯಾಕತ್ತೈತಂತ."