ಗಾಲಿ ಸ್ಟೂಲಿನ ಡಾಕ್ಟರು

ಗೋಕುಲ ರಸ್ತೆಯ ಆ ಸ್ಕ್ಯಾನಿಂಗ್ ಡಾಕ್ಟರು ಗಾಲಿ ಸ್ಟೂಲಿನಿಂದ ಏಳುತ್ತಲೇ ಇರಲಿಲ್ಲ. ಬಸುರಿಯ ಮಂಚದಿಂದ ಬಾಗಿಲಿನವರೆಗೂ ಉರುಳಿಕೊಂಡೇ ಹೋಗುತ್ತಿದ್ದರು. ರಕ್ತ ಹರಿಯುವ ಸಪ್ಪಳ ಕೇಳಿಸುವ ಡಾಪ್ಲರ್ ಹಚ್ಚಿದೊಡನೆ ಕಣ್ಣು ಮುಚ್ಚಿ, "ಮೊದಲ ಕೇಳ್ರಿ, ಆಮ್ಯಾಲ ನೋಡ್ರಿ" ಎನ್ನುತ್ತಿದ್ದರು.

ನನ್ನ ಎಂಟನೇ ತಿಂಗಳಲ್ಲಿ ಮಾಸಿನಿಂದ ಕೂಸಿಗೆ ಹೋಗುವ ರಕ್ತದ ಹರಿವು ಕಡಿಮೆಯಾಗಿತ್ತು. "ನಳದಾಗ ನೀರು ಸಣ್ಣಗ ಬಂದಂಗ ಐತ್ರಿ" ಎಂದು ಸಪ್ಪಳ ಕೇಳಿಸಿದರು. ಇನ್ನೂ ಇಳಿದರೆ ಕೂಸನ್ನು ಬೇಗ ಹೊರತೆಗೆಯಬೇಕೆಂದು ದಿನ ಬಿಟ್ಟು ದಿನ ಕರೆಸಿದರು.

ಮೂರನೇ ಸಲ ಅವರು ಕಣ್ಣು ತೆರೆಯುವ ಮೊದಲೇ, ಕಮರಿಪೇಟೆಯಲ್ಲಿ ವಾರಗಟ್ಟಲೆ ನಳದ ನೀರಿಗೆ ಕಾದು ಅದರ ಸಪ್ಪಳಕ್ಕೆ ಕಿವಿ ಪಳಗಿದ್ದ, ನನ್ನ ಜೊತೆ ಬಂದಿದ್ದ ನಮ್ಮತ್ತೆ ಕೂಗಿದರು: "ಜೋರ್ ಬರಾಕತ್ತೈತಿ!"

ಡಾಕ್ಟರು ಪರದೆಯ ಅಲೆಗಳನ್ನು ಅಳೆದರು, ಮತ್ತೊಮ್ಮೆ ಅಳೆದರು. "ಖರೇ ಐತ್ರಿ, ಅವ್ವಾರ!" ಎಂದು ನಗುತ್ತ ಎದ್ದುನಿಂತು, ತಮ್ಮ ಸ್ಟೂಲನ್ನು ಅತ್ತೆಯತ್ತ ತಳ್ಳಿದರು: "ಕುಂದರ್ರಿ."