ಮೂಗಿನವರೆಗೆ ಬಂದ ಕೂಸು

ಮೊಮ್ಮಗಳಿಗೆ ಕೌದಿ ಹೊಲಿಯಲು ಮೆತ್ತನೆಯ ಹಳೆಯ ಬಟ್ಟೆ ಹುಡುಕುತ್ತ ಟ್ರಂಕಿನ ತಳದವರೆಗೆ ಕೈ ಹಾಕಿದ್ದೆ. ಡಾಂಬರು ಗುಳಿಗೆಯ ವಾಸನೆಯ ಕೆಳಗಿನಿಂದ ಇನ್ನೊಂದು ವಾಸನೆ ಎದ್ದು ಬಂತು. ಬಿಸಿಯಾದ ಪ್ಲಾಸ್ಟಿಕ್, ಊದಿನಕಡ್ಡಿ, ತೊಗರಿಯ ಹೊಟ್ಟು, ಮೂರೂ ಕೂಡಿದ ವಾಸನೆ. ಬಟ್ಟೆ ಕಣ್ಣಿಗೆ ಬೀಳುವ ಮೊದಲೇ ನನಗೆ ಗೊತ್ತಾಗಿಬಿಟ್ಟಿತು. ಅದು ನಮ್ಮ ಭಾಲ್ಕಿ ಮನೆಯ ಕಂಪ್ಯೂಟರಿನ ಹೊದಿಕೆ. ಆಯಿ, ಅಂದರೆ ನನ್ನ ಅಪ್ಪನ ತಾಯಿ, ತನ್ನ ಇಳಕಲ್ ಸೀರೆಯ ಕೆಂಪು ಸೆರಗು ಕತ್ತರಿಸಿ, ಅಂಚಿಗೆ ಝಾಲರು ಕೊಟ್ಟು ಹೊಲಿದದ್ದು. ಆಗಿನ ಕಂಪ್ಯೂಟರಿನ ಹಿಂಭಾಗ ಕೂಸಿನ ತಲೆಯಂತೆ ಉಬ್ಬಿಕೊಂಡಿರುತ್ತಿತ್ತಲ್ಲ, ಹಾಗಾಗಿ ಆಕೆ ಕೂಸಿಗೆ ಕುಂಚಿಗೆ ಹೊಲಿಯುವ ರೀತಿಯಲ್ಲೇ ಅದನ್ನೂ ಹೊಲಿದಳು, ಕುಂಚಿಗೆ ಎಂದೇ ಕರೆದಳು. ಸಂಜೆ ಕೋಣೆ ಮುಚ್ಚುವ ಹೊತ್ತಿಗೆ "ಕುಂಚಿಗಿ ಹಾಕ್ರೋ ಅದಕ್ಕ, ಥಂಡಿ ಆಗ್ತದ" ಎಂದು ಒಳಗಿನಿಂದ ಕೂಗುತ್ತಿದ್ದಳು. ಆ ಕುಂಚಿಗೆಯನ್ನು ಮುಖಕ್ಕೆ ಒತ್ತಿಕೊಂಡು ಎಷ್ಟೋ ಹೊತ್ತು ನೆಲದ ಮೇಲೆ ಕೂತೆ. ನಾನು ಅಜ್ಜಿಯಾಗಿದ್ದೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟು, ಬೇಗ ಮದುವೆಯಾಗಿ ಬೀದರಿಗೆ ಬಂದವಳು, ನಲವತ್ತು ತುಂಬುವುದರೊಳಗೆ ಅಜ್ಜಿ. ಆ ಸಂತೋಷ ನನ್ನೊಳಗೆ ಹಿಡಿಸುತ್ತಿರಲಿಲ್ಲ. ಮೆಂತ್ಯದ ಸಿವುಡು ಮಾರುವವಳಿಗೆ ಹೇಳಿದೆ, ಹಾಲು ಕೊಡಲು ಬಂದವನಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ.

ಹೇಳಬೇಕಾದ ಒಬ್ಬನಿಗೆ ಮಾತ್ರ ಹೇಳುವ ಕೆಲಸವೇ ಇರಲಿಲ್ಲ. ಅಳಿಯ ಮಹೇಶನಿಗೆ ನನಗಿಂತ ಮೊದಲೇ ಎಲ್ಲ ಗೊತ್ತಾಗಿತ್ತು. ಅವನು ಔರಾದಿನವನು, ಹೈದರಾಬಾದಿನಲ್ಲಿ ಲಿಫ್ಟು ದುರಸ್ತಿಯ ಕೆಲಸ ಮಾಡುತ್ತಾನೆ. ಕೂಸನ್ನು ಒರೆಸಿ ಅರಿವೆಯಲ್ಲಿ ಸುತ್ತುವುದರೊಳಗೆ ಮಗಳು ಅಶ್ವಿನಿಯ ಫೋನಿನಲ್ಲಿ ಅವನು ಕೂಸಿನ ಮುಖ ನೋಡಿಯಾಗಿತ್ತು. ಆಮೇಲೂ ನೋಡುತ್ತಲೇ ಇದ್ದ. ಹಲ್ಲುಜ್ಜುತ್ತ ಒಮ್ಮೆ, ಚಹಾ ಕುಡಿಯುತ್ತ ಒಮ್ಮೆ, ಲಿಫ್ಟಿನ ಗುಂಡಿಯೊಳಗೆ ನಿಂತು ಸ್ಪ್ಯಾನರ್ ಹಿಡಿದುಕೊಂಡೇ ಒಮ್ಮೆ. ಬೆಳಿಗ್ಗೆ ಹೈದರಾಬಾದಿನಲ್ಲಿ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಬೀದರ ಮುಟ್ಟಬಹುದು. ಬರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಬಂತು, ದಾಟಿಹೋಯಿತು. ಅಪ್ಪನಿಲ್ಲದೆ ಹೆಸರಿಡುವುದು ಹೇಗೆ ಎಂದು ನಾನೇ ಫೋನ್ ಮಾಡಿ ಕೇಳಿದೆ.

"ವಿಡಿಯೋದಾಗೇ ಮಾಡಿಬಿಡ್ರಿ ಅತ್ತಿ. ನಾ ಇಲ್ಲಿಂದಾನೇ ಹೆಸರ ಕರೀತೇನಿ."

"ಕೂಸಿನ ಕಿವಿ ಇಲ್ಲಿ ಅದರಿ."

"ಸ್ಪೀಕರ್ ಹಾಕ್ರಿ. ದಿನಾ ನೋಡೇ ನೋಡ್ತೇನಲ್ರಿ, ಬಂದು ಹೊಸಾದು ಏನ್ ನೋಡೋದದ? ರಜಾ ದೀಪಾವಳಿಗಿ ಇಟ್ಕೊಂಡೀನಿ."

ಔರಾದಿನ ಬೀಗಿತಿಯೂ ಅದಕ್ಕೆ ಹೂಂಗುಟ್ಟಿದಳು. ಅಶ್ವಿನಿ ಬಾಣಂತಿ ಕೋಣೆಯ ಗೋಡೆಗೆ ಮುಖ ಮಾಡಿ ಮಲಗಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಸಂತೋಷ ಒಂದು ಕಡೆ ಉಕ್ಕುತ್ತಿದೆ, ಸಿಟ್ಟು ಇನ್ನೊಂದು ಕಡೆ ಉಕ್ಕುತ್ತಿದೆ, ಎರಡು ಹಾಲಿನ ಪಾತ್ರೆಗಳನ್ನು ಒಮ್ಮೆಲೇ ಒಲೆಯ ಮೇಲಿಟ್ಟ ಹಾಗೆ. ಆ ದಿನವೇ ನಾನು ಟ್ರಂಕು ತೆಗೆದದ್ದು.

ಭಾಲ್ಕಿಯ ನಮ್ಮ ಮನೆ ಸ್ಟೇಷನ್ನಿನ ಕಡೆ ಇತ್ತು. ರೈಲು ಬಂದರೆ ಗೂಡಿನಲ್ಲಿಟ್ಟ ಪಾತ್ರೆ ಗಲಗಲ ಅನ್ನುತ್ತಿದ್ದವು, ಗಾಳಿ ತಿರುಗಿದರೆ ದಾಲ್ ಮಿಲ್ಲಿನ ಹೊಟ್ಟು ಅಂಗಳಕ್ಕೆ ಹಾರಿ ಬರುತ್ತಿತ್ತು. ನಾನು ಚಿಕ್ಕವಳಿದ್ದಾಗ ಶಿವರಾಜ ಕಾಕಾ, ಅಪ್ಪನ ತಮ್ಮ, ನಮ್ಮ ಪಡಸಾಲೆಯಲ್ಲಿ ಸೈಬರ್ ಕೆಫೆ ಇಟ್ಟ. ಪಡಸಾಲೆ ಎಂದರೆ ಅಲ್ಲಿಯತನಕ ತೊಗರಿ ಚೀಲ ಇಡುತ್ತಿದ್ದ ಜಾಗ. ಚೀಲ ಹೋದವು, ಕಂಪ್ಯೂಟರು ಬಂತು. ಆಯಿ ಅದಕ್ಕೆ ವಿಭೂತಿ ಹಚ್ಚಿದಳು, ಊದಿನಕಡ್ಡಿ ಬೆಳಗಿದಳು, ಒಂದು ನೇಮವನ್ನೂ ಮಾಡಿದಳು. ಬಂದವರು ಯಾರೇ ಇರಲಿ, ಚಪ್ಪಲಿ ಹೊರಗೆ ಬಿಟ್ಟು, ತಂಬಿಗೆಯಲ್ಲಿಟ್ಟ ನೀರಿನಿಂದ ಕಾಲು ತೊಳೆದು ಒಳಗೆ ಬರಬೇಕು. ಫಲಿತಾಂಶ ನೋಡಲು ಬಂದ ಹುಡುಗರೂ ತೊಳೆದರು, ಕೋರ್ಟಿನ ವಕೀಲರೂ ತೊಳೆದರು. ಪಕ್ಕದ ಮನೆಯ ರೆಹಾನಾ ಆಪಾ ಮಾತ್ರ "ಆಯಿ, ಇದು ನಿಮ್ಮ ದೇವರ ಕೋಣೀನೋ, ನಮ್ಮ ಮಸೀದೀನೋ? ವಜೂ ಮಾಡಿ ಬಂದಂಗ ಆಗ್ತದ" ಎಂದು ನಗುತ್ತ ತೊಳೆಯುತ್ತಿದ್ದಳು. ಸುದ್ದಿ ಬೇಕಾದವರು ಅಲ್ಲಿಗೇ ಬರಬೇಕಿತ್ತು. ಬಂದವರು ಸರದಿ ಕಾಯುತ್ತ ಕಟ್ಟೆಯ ಮೇಲೆ ಕೂರುತ್ತಿದ್ದರು, ಕೂತಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರು ಕೇಳುತ್ತಿದ್ದರು. ಒಬ್ಬರ ನೌಕರಿಯ ಸುದ್ದಿ ಬಂದರೆ ಕಟ್ಟೆಯ ಮೇಲಿದ್ದವರಿಗೆಲ್ಲ ಚಹಾ.

ಆ ಇಂಟರ್ನೆಟ್ಟು ಬರುತ್ತಿದ್ದುದು ಫೋನಿನ ತಂತಿಯಲ್ಲಿ. ಅದು ಬರುವಾಗ ಎಂಥ ಸಪ್ಪಳ ಮಾಡುತ್ತಿತ್ತು, ಕೇಳಿದವರಿಗೆ ನೆನಪಿರಬೇಕು. ಮೊದಲು ಕುಂಯ್ ಎನ್ನುವುದು, ಆಮೇಲೆ ಕೆರೆದ ಹಾಗೆ, ಕಡೆಗೆ ಹರಿಯುವ ನೀರಿನಂತೆ ಸುಂಯ್ ಎಂದು ಸುಮ್ಮನಾಗುವುದು. ಸುಮ್ಮನಾಯಿತೆಂದರೆ ಸೇರಿತು ಎಂದು. ಒಳಗೆ ನಡುಮನೆಯಲ್ಲಿ ಅದೇ ತಂತಿಗೆ ಕಟ್ಟಿದ ಕರಿಯ ಫೋನು ಇತ್ತು. ಅದರ ರಿಸೀವರು ಯಾರಾದರೂ ಎತ್ತಿದರೆ ಮುಗಿಯಿತು, ಪಡಸಾಲೆಯಲ್ಲಿ ಲೈನು ಕಟ್. ಕಾಕಾನ ಕೂಗು ಓಣಿಯ ತುದಿಗೆ ಕೇಳಿಸುತ್ತಿತ್ತು. "ಯಾರ್ರಿ ಫೋನ್ ಎತ್ತಿದವ್ರು?" ನಮ್ಮ ಮನೆಯಲ್ಲಿ ಆ ಮಾತು ದಿನದ ಪಾಠದಂತೆ ಆಗಿಹೋಗಿತ್ತು.

ಶಾಂತತ್ತೆ, ಆಯಿಯ ಒಬ್ಬಳೇ ಮಗಳು, ಚಂದ್ರಾಪುರದ ಕಡೆ ಕಲ್ಲಿದ್ದಲು ಗಣಿಯ ಊರಿನಲ್ಲಿದ್ದಳು. ಬಸುರಿಯಾದಾಗ ವೈದ್ಯರು ಪ್ರಯಾಣ ಬೇಡ ಎಂದರು, ಹಾಗಾಗಿ ಹೆರಿಗೆಗೆ ತವರಿಗೆ ಬರಲಾಗಲಿಲ್ಲ. ಮಗಳ ಬಾಣಂತನ ತನ್ನ ಕೈಯಿಂದ ಆಗಲಿಲ್ಲವಲ್ಲ ಎಂದು ಆಯಿ ಒಳಗೊಳಗೇ ಸೊರಗಿದಳು. ಕೂಸು ಹುಟ್ಟಿದ ಮೇಲೆ ಅಲ್ಲಿಂದ ಅತ್ತೆಯ ಗಂಡ, ಮಾಮಾ, ಫೋಟೋ ಕಳಿಸಿದ್ದಾರೆ, ಈ ಸಂಜೆ ಕಂಪ್ಯೂಟರಿನಲ್ಲಿ ಬರುತ್ತದೆ ಎಂದು ಕಾಕಾ ಹೇಳಿದಾಗ ಆಕೆ ತಲೆಗೆ ನೀರು ಹಾಕಿಕೊಂಡಳು, ಹೊಸ ಸೀರೆ ಉಟ್ಟಳು. ಓಣಿಯ ಹೆಂಗಸರೆಲ್ಲ ಕಾಲು ತೊಳೆದು ಪಡಸಾಲೆ ತುಂಬಿದರು. ಆಯಿಯನ್ನು ಮುಂದೆ ಸ್ಟೂಲಿನ ಮೇಲೆ ಕೂರಿಸಿದರು. ಸಪ್ಪಳವಾಯಿತು, ಸುಂಯ್ ಎಂದಿತು, ಚಿತ್ರ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಇಳಿಯತೊಡಗಿತು. ಈಗಿನವರಿಗೆ ಇದನ್ನು ಹೇಳಿದರೆ ತಿಳಿಯುವುದಿಲ್ಲ. ಗೋಡೆಗೆ ಸುಣ್ಣ ಬಳಿದಂತೆ ಒಂದೊಂದೇ ಪಟ್ಟಿ ಬರುತ್ತಿತ್ತು, ನಾವು ಉಸಿರು ಹಿಡಿದು ಕಾಯುತ್ತಿದ್ದೆವು.

"ಹಣಿ ಬಂತು ನೋಡ್ರಿ. ಹಣಿ ನಮ್ಮ ಅಳಿಯಂದು, ಅಗಲದ" ಎಂದಳು ಆಯಿ. "ಹುಬ್ಬು ಯಾಕ ಬರ್ಲಿಲ್ಲೋ ಶಿವರಾಜ?"

"ಹಸಗೂಸಿಗಿ ಎಲ್ಲಿ ಹುಬ್ಬು ಆಯಿ" ಎಂದಳು ರೆಹಾನಾ ಆಪಾ. "ಅಕಾ, ಆಂಖಾ ಬಂದ್ವು. ಆಂಖಾ ದೇಖೋ ಮಾ, ಕಿತ್ನೆ ಬಡೇ ಹೈ!"

ಕಣ್ಣು ಇಳಿದವು, ದೊಡ್ಡ ಕಪ್ಪು ಕಣ್ಣು. ಪಡಸಾಲೆಯೆಲ್ಲ ಒಂದೇ ಉಸಿರಿನಲ್ಲಿ ಆಹಾ ಎಂದಿತು. ಅಷ್ಟರಲ್ಲಿ ಆಯಿ ಸ್ಟೂಲಿನಿಂದೆದ್ದು, ಗುಂಪು ಸೀಳಿಕೊಂಡು ಒಳಗೆ ಹೋದಳು. ಕಣ್ಣೀರು ಒರೆಸಿಕೊಳ್ಳಲು ಹೋಗಿರಬೇಕೆಂದು ಎಲ್ಲರೂ ದಾರಿ ಬಿಟ್ಟೆವು. ಮೂಗು ಇಳಿಯಿತು, ಮೂಗಿನ ಹೊಳ್ಳೆ ಕಂಡವು, ಅಲ್ಲಿಗೆ ಚಿತ್ರ ನಿಂತೇಬಿಟ್ಟಿತು. ಕೆಳಗೆಲ್ಲ ಬೂದಿ ಬಣ್ಣ.

"ಯಾರ್ರಿ ಫೋನ್ ಎತ್ತಿದವ್ರು?"

ನಾವು ಒಳಗೆ ಓಡಿ ನೋಡಿದರೆ, ಆಯಿ ಎಡಗೈಯಲ್ಲಿ ರಿಸೀವರು ಎತ್ತಿ ಹಿಡಿದು, ಬಲಗೈಯ ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಇಟ್ಟುಕೊಂಡು, ಅದರ ಸುತ್ತ ದೃಷ್ಟಿ ಇಳಿತೆಗೆಯುತ್ತಿದ್ದಳು. ಊರವರ ಕಣ್ಣು, ಕೇರಿಯವರ ಕಣ್ಣು, ಎಕ್ಸ್‌ಚೇಂಜಿನವರ ಕಣ್ಣು ಎಂದು ಬಾಯಲ್ಲಿ ಹೇಳುತ್ತಿದ್ದಳು.

"ಚಂದ್ರಾಪುರದಿಂದ ಇಲ್ಲೀತನಕ ತಂತಿಮ್ಯಾಲ ಬರ್ಲಕತ್ತದ ಕೂಸು" ಎಂದಳು ಕಾಕಾನಿಗೆ, ತಪ್ಪೇನೂ ಇಲ್ಲದವಳಂತೆ. "ಹಾದ್ಯಾಗ ಎಷ್ಟ್ ಊರಿನ ಮಂದಿ ನೋಡ್ಯಾರೋ. ನದರ ತೆಗಿಬ್ಯಾಡೇನು?"

"ನದರ ಹೋಯ್ತೋ ಇಲ್ಲೋ ಗೊತ್ತಿಲ್ಲವ್ವ. ಗದ್ದ ಅಂತೂ ಹೋಯ್ತು."

ಎಲ್ಲರೂ ನಕ್ಕೆವು. ಆ ಸಂಜೆ ಲೈನು ಮತ್ತೆ ಸಿಗಲಿಲ್ಲ. ಹೆಂಗಸರು ಕಟ್ಟೆಯ ಮೇಲೆ ಕೂತು ಕೂಸಿನ ಉಳಿದ ಅರ್ಧವನ್ನು ತಾವೇ ಪೂರ್ತಿ ಮಾಡಿದರು. ಬಾಯಿ ತಾಯಿಯದು ಎಂದು ಒಬ್ಬಳು, ಗದ್ದ ಉದ್ದ ಇರಬೇಕು ಎಂದು ಇನ್ನೊಬ್ಬಳು. ಮಾರನೆಯ ಬೆಳಿಗ್ಗೆ ಲೈನು ಹತ್ತಿತು, ಕಾಕಾ ಕರೆದ. ಆಯಿ ಒಲೆಯ ಮುಂದಿನಿಂದ ಏಳಲಿಲ್ಲ.

"ಬ್ಯಾಡೋ. ಪೂರಾ ಇಲ್ಲೇ ನೋಡಿಬಿಟ್ರ ಹೋಗೂ ಆಸಿ ಉಳ್ಯಾದಿಲ್ಲ. ಗದ್ದ ನಾ ಹೋಗೇ ನೋಡ್ತೇನಿ."

ಇತ್ತ ಬೀದರ, ಅತ್ತ ಉದಗೀರ, ಅದರಾಚೆ ಆಕೆ ಕಾಲಿಟ್ಟವಳಲ್ಲ. ಬಾಣಂತಿಗೆ ತಿನ್ನಿಸಲು ಅಂಟಿನುಂಡಿ ಕಟ್ಟಿದಳು, ಅಳವಿ ಕಟ್ಟಿದಳು, ಕಾಕಾನನ್ನು ಹೊರಡಿಸಿಕೊಂಡು ರೈಲು ಹತ್ತಿದಳು. ಕಾಕಾ ಅಲ್ಲಿ ಬಿಟ್ಟು ಬಂದ, ಆಕೆ ಮಗಳ ಬಾಣಂತನ ಮುಗಿಸಿಯೇ ಬಂದಳು. ಅಷ್ಟು ದಿನವೂ ಆ ಅರ್ಧ ಮುಖ ಕಂಪ್ಯೂಟರಿನಲ್ಲಿ ಹಾಗೇ ಇತ್ತು, ಕಾಕಾ ಅಳಿಸಲಿಲ್ಲ. ಆಯಿ ತಿರುಗಿ ಬಂದ ದಿನ ಓಣಿಯೆಲ್ಲ ಸ್ಟೇಷನ್ನಿಗೆ ಹೋಗಿತ್ತು. ಬೋಗಿಯ ಮೆಟ್ಟಿಲ ಮೇಲೆ ನಿಂತೇ, ಕೆಳಗಿಳಿಯುವ ಮೊದಲೇ, ತನ್ನ ಗದ್ದದ ನಡುವಿನ ಕುಳಿಗೆ ಬೆರಳಿಟ್ಟು ತೋರಿಸಿದಳು. "ನಂದೇ ಅದ" ಎಂದಳು. "ಕುಳಿ ಸಹಿತ."

ಈಗ ಆಯಿ ಇಲ್ಲ, ಕಾಕಾನೂ ಇಲ್ಲ. ಮೊಬೈಲು ಬಂದ ಮೇಲೆ ಸೈಬರಿಗೆ ಬರುವವರು ಕಡಿಮೆಯಾದರು, ಕಾಲು ತೊಳೆಯುವ ತಂಬಿಗೆ ಒಣಗಿತು. ಮನೆ ಪಾಲಾಯಿತು, ಪಾಲಾದದ್ದು ಮಾರಿಹೋಯಿತು. ಪಡಸಾಲೆ ಇದ್ದಲ್ಲಿ ಈಗ ಮೊಬೈಲಿನ ಗಾಜು ಬದಲಾಯಿಸುವ ಅಂಗಡಿ ಇದೆ. ಭಾಲ್ಕಿಗೆ ಹೋದಾಗ ಆ ಬದಿಯಿಂದ ನಾನು ನಡೆಯುವುದಿಲ್ಲ.

ನಮ್ಮ ಮೊಮ್ಮಗಳಿಗೂ ಆ ಕುಳಿ ಇದೆ. ಹುಟ್ಟಿದ ದಿನ ಮೊದಲು ಕಂಡದ್ದೇ ಅದು, ಜೋಳದ ಕಾಳು ಒತ್ತಿ ತೆಗೆದಷ್ಟು ಗುರುತು. ನನ್ನ ಅಪ್ಪನಿಗಿತ್ತು, ನನಗಿಲ್ಲ, ಅಶ್ವಿನಿಗಿಲ್ಲ, ಇಷ್ಟು ದಾರಿ ದಾಟಿ ಇವಳಲ್ಲಿ ಬಂದು ನಿಂತಿದೆ. ನನ್ನ ಸಂತೋಷಕ್ಕೆ ಅದೇ ಕಾರಣ ಎಂದರೂ ಸರಿ. ಆದರೆ ಅಶ್ವಿನಿಯ ಫೋನಿನಲ್ಲಿ ತೆಗೆದ ಚಿತ್ರ ನೋಡಿದರೆ ಕುಳಿಯೇ ಇಲ್ಲ. ಮುಖವೆಲ್ಲ ಮೈದಾ ಹಿಟ್ಟಿನ ಮುದ್ದೆಯಂತೆ ನುಣ್ಣಗೆ.

"ಫೋನ್ ತಾನೇ ಚಂದ ಮಾಡ್ತದವ್ವ" ಎಂದಳು ಅಶ್ವಿನಿ.

"ಹಡದಾಕಿ ನೀನು. ಚಂದ ಮಾಡ್ಲಕ್ಕ ಅದ್ಯಾರು?"

ಕೌದಿ ಹೊಲಿದು ಮುಗಿದ ದಿನ ಮಹೇಶ ಕರೆ ಮಾಡಿದಾಗ ಫೋನನ್ನು ನಾನೇ ಹಿಡಿದೆ. ಆಯಿಯ ಕುಂಚಿಗೆಯನ್ನು ನಡುವೆ ಇಟ್ಟು ಹೊಲಿದ ಕೌದಿಯನ್ನು ಇನ್ನೊಂದು ಕೈಯಲ್ಲಿ ಕೂಸಿಗೆ ತಾಗದಂತೆ ಎತ್ತಿ, ಮೂಗಿನವರೆಗೆ ಮರೆ ಮಾಡಿದೆ.

"ಅತ್ತಿ, ಕೌದಿ ಸ್ವಲ್ಪ ಸರಸ್ರಿ. ಬಾಯಿ ಕಾಣವಲ್ದು."

"ಲೈನ್ ಕಟ್ ಆಗ್ಯಾದ್ರಿ ಅಳಿಯಾರೆ. ಮೂಗಿನತನಕ ಬಂದದ."

"ಯಾವ ಲೈನ್ರಿ? ನೆಟ್ ಫುಲ್ ಅದ. ಹೋಗ್ಲಿ ಬಿಡ್ರಿ, ಉಳಿದಿದ್ದು ನಾ ನೋಡೇ ನೋಡೀನಿ."

"ನೋಡಿಲ್ಲ ನೀವು."

"ದಿನಾ ನೋಡ್ತೇನ್ರಿ ಅತ್ತಿ, ಏನ್ ಮಾತಾಡ್ತೀರಿ."

"ಹಂಗಿದ್ರ ಹೇಳ್ರಿ. ಗದ್ದದಾಗ ಏನದ?"

ಅವನು ಫೋಟೋಗಳನ್ನು ಬೆರಳಿಂದ ಸರಿಸಿ ಸರಿಸಿ ನೋಡುತ್ತಿರುವುದು ಅವನ ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ನಾನು ಕಾದೆ.

"ಏನೂ ಇಲ್ರಿ. ಸಾಫ್ ಅದ."

"ಹಾಂ. ಸಾಫ್ ಅದ" ಎಂದು ನಾನು ಫೋನ್ ಇಟ್ಟುಬಿಟ್ಟೆ.

ಅಶ್ವಿನಿ ಮೊದಲು ನಕ್ಕಳು. ಆಮೇಲೆ ನಗು ನಿಂತು ಅತ್ತಳು. ಅತ್ತ ಮೇಲೆ ತನ್ನ ಫೋನನ್ನು ತಾನೇ ಒಯ್ದು ಜೋಳದ ಡಬ್ಬಿಯ ಮೇಲೆ ಬೋರಲು ಹಾಕಿದಳು. ಅದು ಅಲ್ಲಿ ಗುರ್ರೆಂದು ನಡುಗಿತು, ನಿಂತಿತು, ಮತ್ತೆ ನಡುಗಿತು. ನಾವಿಬ್ಬರೂ ಎತ್ತಲಿಲ್ಲ. ಹಾಗೆ ಎತ್ತದೆ ಇರುವುದು ಎಷ್ಟು ಕಷ್ಟವೆಂದು ಆ ದಿನಗಳಲ್ಲಿ ನನಗೆ ತಿಳಿಯಿತು. ನಾನು ಹೆಚ್ಚು ಮಾಡಿದೆನೇನೋ, ಇವನು ಸಿಟ್ಟಾಗಿ ದೀಪಾವಳಿಗೂ ಬಾರದಿದ್ದರೆ ಮಗಳಿಗೆ ಏನು ಹೇಳಲಿ ಎಂದು ರೊಟ್ಟಿ ಬಡಿಯುವಾಗಲೆಲ್ಲ ಯೋಚನೆ ಬರುತ್ತಿತ್ತು.

ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ಬಾಗಿಲಲ್ಲಿ ಬೂಟಿನ ಸಪ್ಪಳವಾಯಿತು. ಮಹೇಶ ಕೆಲಸದ ಅಂಗಿಯಲ್ಲೇ ಬಂದಿದ್ದ, ತೋಳಿಗೆ ಗ್ರೀಸು ಹತ್ತಿತ್ತು. ನಾನು ತಂಬಿಗೆಯಲ್ಲಿ ನೀರು ಕೊಟ್ಟೆ. ಕಾಲು ತೊಳೆದು ಒಳಗೆ ಬಂದ. ತೊಟ್ಟಿಲ ಹತ್ತಿರ ಮಂಡಿಯೂರಿ ಕೂತು, ಕೌದಿಯನ್ನು ಒಂದೇ ಬೆರಳಿನಿಂದ ಮೆಲ್ಲಗೆ ಕೆಳಗೆ ಸರಿಸಿದ. ಬಹಳ ಹೊತ್ತು ನೋಡಿದ.

"ಇದು ಯಾವಾಗ ಬಂತು?" ಎಂದ, ಅಶ್ವಿನಿಯ ಕಡೆ ತಿರುಗದೆ.

"ಹುಟ್ಟುವಾಗೇ ಬಂದದ" ಎಂದಳು ಅವಳು.

ಕಿರುಬೆರಳಿನ ತುದಿಯನ್ನು ಆ ಕುಳಿಯಲ್ಲಿಟ್ಟ. ಕೂಸು ಮುಖ ಕಿವಿಚಿತು, ಅಳಲಿಲ್ಲ. ಅವನ ಜೇಬಿನಲ್ಲಿ ಫೋನು ನಡುಗುತ್ತಿತ್ತು, ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಹೆಸರು ಸಂಜೆಗೆ ಇಡೋಣ, ಔರಾದಿಗೆ ಹೇಳಿ ಕಳಿಸಿ ಎಂದ, ಅದೂ ಪಿಸುಮಾತಿನಲ್ಲಿ.

ನಾನು ಅಡುಗೆ ಮನೆಗೆ ಹೋಗಿ ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ತೆಗೆದುಕೊಂಡೆ. ಅಪ್ಪ, ಅವ್ವ, ಮಗಳು ಮೂವರಿಗೂ ಕೂಡಿಯೇ ಇಳಿತೆಗೆದೆ. ಬಲಗೈ ಸುತ್ತುತ್ತಿರುವಾಗ ನನ್ನ ಎಡಗೈ ಆಯಿಯ ಕೈಯಂತೆ ತಾನಾಗಿಯೇ ಎದ್ದು ಏನನ್ನೋ ಹಿಡಿಯಲು ಹೋಯಿತು, ಹಿಡಿಯಲು ಏನೂ ಇರಲಿಲ್ಲ. ಮೆಣಸಿನಕಾಯಿಯನ್ನು ಒಲೆಗೆ ಹಾಕಿದೆ, ಚಟಪಟ ಎಂದಿತು. ಹೊಗೆಗೆ ಕಣ್ಣು ಮುಚ್ಚಿಕೊಂಡು, ಪಡಸಾಲೆಯಿಂದ ಯಾರಾದರೂ ಕೂಗುತ್ತಾರೇನೋ ಎಂದು ಒಂದು ಗಳಿಗೆ ನಿಂತೆ. ಫೋನ್ ಎತ್ತಿದವರು ಯಾರು ಎಂದು ಯಾರೂ ಕೇಳಲಿಲ್ಲ.