ಪೆನ್ಸಿಲ್ಲಿನ ಷರಾ

ಒಂದೇ ಕೆಲಸವನ್ನು ಎರಡು ಸಲ ಮಾಡಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಲಕ್ಷ್ಮೀಪುರಂನ ಒಂದು ವಧೂವರರ ಬ್ಯೂರೋಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅದನ್ನು ನಡೆಸುತ್ತಿದ್ದ ನಿವೃತ್ತ ಹೈಸ್ಕೂಲು ಮೇಡಂ ನನ್ನಿಂದ ಹತ್ತು ಸಲ ಮಾಡಿಸುತ್ತಿದ್ದರು. ಇವತ್ತು ‘ಕನ್ನಡಕ’ ಅಂತ ಒಂದು ಕಾಲಂ ಬೇಕು, ನಾಳೆ ‘ಸಂಗೀತ’ ಅಂತ ಇನ್ನೊಂದು. ಪ್ರತಿಯೊಂದನ್ನೂ ಹುಡುಗಿಯ ವಿವರದಲ್ಲಿ ಒಮ್ಮೆ ಸೇರಿಸಬೇಕು, ಗಂಡಿನ ಕಡೆಯವರಿಗೆ ಕೊಡುವ ಹಾಳೆ ಪ್ರಿಂಟ್ ಮಾಡುವ ಕಡೆ ಇನ್ನೊಮ್ಮೆ ಬರೆಯಬೇಕು. ಮರೆತರೆ ಮೇಡಂ ಫೋನು.

“ಕನ್ನಡಕ ಬಂದೇ ಇಲ್ಲ ಕಣಮ್ಮ.”

ಆಗ ಪುಸ್ತಕವೊಂದರಲ್ಲಿ ರಿಫ್ಲೆಕ್ಷನ್ ಎಂಬ ಉಪಾಯ ಸಿಕ್ಕಿತು. ಒಂದೊಂದೇ ಹೆಸರು ಹಿಡಿದು ಕೇಳುವ ಗೋಜಿಲ್ಲ. ನಿನ್ನಲ್ಲಿ ಏನೇನಿದೆ ಎಂದು ಆಬ್ಜೆಕ್ಟನ್ನೇ, ಅಂದರೆ ಒಬ್ಬಳ ಇಡೀ ವಿವರವನ್ನೇ, ಕೇಳಿದರೆ, ಅದು ತನ್ನ ಕಾಲಂಗಳ, ಪ್ರೋಗ್ರಾಮಿನ ಮಾತಲ್ಲಿ ಪ್ರಾಪರ್ಟಿಗಳ, ಪಟ್ಟಿಯನ್ನು ಕೊಟ್ಟುಬಿಡುತ್ತದೆ. ಆ ಪಟ್ಟಿಯ ಮೇಲೆ ಒಂದೊಂದನ್ನೇ ನೋಡುತ್ತ ಹೋಗುವ ಲೂಪ್ ಸುತ್ತಿಸಿ, ಖಾಲಿ ಇರುವುದನ್ನು ಬಿಟ್ಟು, ಉಳಿದದ್ದನ್ನು ಅಚ್ಚು ಹಾಕಿಸಿದರಾಯಿತು. ನೂರಿಪ್ಪತ್ತು ಸಾಲು ಅಳಿಸಿ ಎಂಟು ಸಾಲು ಬರೆದೆ. ಇನ್ನು ಹೊಸದೇನು ಸೇರಿಸಿದರೂ ತಾನಾಗಿಯೇ ಹಾಳೆಗೆ ಬರುತ್ತಿತ್ತು. ಶನಿವಾರ ಬೆಳಿಗ್ಗೆ ಅದನ್ನು ಮೇಡಂ ಕಂಪ್ಯೂಟರಿಗೆ ಹಾಕಿ, ಜಂಭದಿಂದ ಮನೆಗೆ ಬಂದೆ.

ಮಾರನೆಯ ದಿನ ಅಕ್ಕನನ್ನು ನೋಡಲು ಅದೇ ಬ್ಯೂರೋ ಮೂಲಕ ರಾಮಕೃಷ್ಣನಗರದಿಂದ ಗಂಡಿನ ಕಡೆಯವರು ಬರುವುದಿತ್ತು. ಶನಿವಾರ ಸಂಜೆ ನಾನು ತೊಂಡೆಕಾಯಿ ಹೆಚ್ಚುತ್ತಿದ್ದಾಗ ಅಮ್ಮ, “ಇವತ್ತು ಮಧ್ಯಾಹ್ನ ಅವರು ಬ್ಯೂರೋಗೆ ಹೋಗಿ ಇವಳ ಹಾಳೆ ಇಸ್ಕೊಂಡ್ರಂತೆ ಕಣೇ” ಎಂದಳು. ಈಳಿಗೆಮಣೆಯ ಮೇಲೆ ನನ್ನ ಕೈ ನಿಂತಿತು.

ಮೇಡಂ ಹತ್ತಿರ ಹಳೆಯ ಕಾರ್ಡುಗಳಿದ್ದವು. ಎಲ್ಲರಿಗೂ ಹೇಳಬಹುದಾದದ್ದನ್ನು ಮುಂದುಗಡೆ ಶಾಯಿಯಲ್ಲಿ ಬರೆಯುತ್ತಿದ್ದರು, ತಮಗೆ ಮಾತ್ರ ಗೊತ್ತಿರಬೇಕಾದದ್ದನ್ನು ಹಿಂದುಗಡೆ ಪೆನ್ಸಿಲ್ಲಿನಲ್ಲಿ. ಎರಡನ್ನೂ ಟೈಪು ಮಾಡಿದವಳು ನಾನೇ. ಪೆನ್ಸಿಲ್ಲಿನದಕ್ಕೆ ‘ಷರಾ’ ಎಂಬ ಪ್ರಾಪರ್ಟಿ ಮಾಡಿದ್ದೆ. ಹಾಕು ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಹಳೆಯ ಪ್ರೋಗ್ರಾಂ ಅದನ್ನು ಹಾಕುತ್ತಿರಲಿಲ್ಲ. ಬೇಡ ಎಂದು ಹೊಸದಕ್ಕೆ ನಾನು ಹೇಳಿರಲಿಲ್ಲ.

ಅಕ್ಕನ ಷರಾ ನನಗೆ ಬಾಯಿಪಾಠವಿತ್ತು. ‘ಬಲಗಿವಿ ಕೇಳಿಸದು. ಮಾತುಕತೆ ಮುಂದುವರಿದ ಮೇಲೆ ತಿಳಿಸುವುದು.’ ಚಿಕ್ಕಂದಿನ ಜ್ವರದಲ್ಲಿ ಹೋದ ಕಿವಿ. ಮನೆಯ ಹೊರಗೆ ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಯಾರಾದರೂ ನೋಡಲು ಬಂದರೆ ಬಲಗಿವಿ ಗೋಡೆಯ ಕಡೆಗೆ ಬರುವಂತೆ ಅಮ್ಮ ಅವಳನ್ನು ದೂರದ ಮೂಲೆಯಲ್ಲಿ ಕೂರಿಸುತ್ತಿದ್ದಳು.

ಲೂನಾ ಹತ್ತಿ ರಾಮಕೃಷ್ಣನಗರಕ್ಕೆ ಹೋದೆ. ಆ ಮನೆಯ ಮುಂದೆ ಮೂರು ಸಲ ಸುತ್ತಿದೆ. ಹಾಳೆ ವಾಪಸ್ ಕೊಡಿ ಎನ್ನುವುದಕ್ಕೆ ಏನು ನೆಪ ಹೇಳಲಿ? ಮೂರನೆಯ ಸಲ ಗಿಡಕ್ಕೆ ನೀರು ಹಾಕುತ್ತಿದ್ದವರು ತಲೆಯೆತ್ತಿ ದಿಟ್ಟಿಸಿದರು. ಗಾಡಿ ತಿರುಗಿಸಿಕೊಂಡು ಬಂದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ. ಒರೆಸಿದ ಲೋಟಗಳನ್ನೇ ಮತ್ತೆ ಒರೆಸಿದೆ, ಜಗಲಿಗೂ ಅಡುಗೆಮನೆಗೂ ಓಡಾಡಿದೆ.

“ನೋಡೋಕೆ ಬರ್ತಿರೋದು ನನ್ನನ್ನ. ನಿನಗೇನೇ ಇಷ್ಟು ಗಾಬರಿ?” ಎಂದು ಅಕ್ಕ ನಕ್ಕಳು. ನನಗೆ ಅಳು ಬಂತು.

ಭಾನುವಾರ ಅವರು ಬಂದರು. ಗಂಡಿನ ತಾಯಿ ಸೋಫಾದಲ್ಲಿ ಕೂತವರೇ, ಬೀದಿಯ ಆಚೆ ಬದಿಯವರನ್ನು ಕೂಗುವ ಹಾಗೆ, ಒಂದೊಂದೇ ಪದ ಬಿಡಿಸಿ ಕೇಳಿದರು.

“ಏನಮ್ಮಾ. ಎಷ್ಟು. ಓದಿದೀಯಾ.”

ಆಮೇಲೆ ಗಂಡಿನ ತಂದೆಯೂ ಅದೇ ದನಿಯಲ್ಲಿ ಕೇಳಿದರು. ಪಾಪ, ಹುಡುಗನೂ ಕೆಂಪಗಾಗಿ ಒಂದೆರಡು ಮಾತು ಕಿರುಚಿದ. ಅಪ್ಪ ಅಮ್ಮ ಮುಖಮುಖ ನೋಡಿಕೊಂಡರು. ನಾನು ಬಾಗಿಲ ಹಿಂದೆ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದೆ. ಅಕ್ಕ ಮೂಲೆಯಿಂದ ಎದ್ದು, ಎಲ್ಲರ ನಡುವೆ ಇದ್ದ ಕುರ್ಚಿಯಲ್ಲಿ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು.

ಅವರು ಹೋದ ಮೇಲೆ ಟೀಪಾಯಿಯ ಮೇಲೆ ಹಾಳೆ ಉಳಿದಿತ್ತು. ಅಕ್ಕ ಕೊನೆಯ ಸಾಲಿನವರೆಗೂ ಓದಿದಳು. ನಾನು ಅತ್ತುಕೊಂಡು ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಇಷ್ಟು ವರ್ಷದಲ್ಲಿ ಇವತ್ತೊಂದು ದಿನ, ಬಂದೋರು ಏನಂದ್ರು ಅಂತ ನನಗೆ ಪೂರ್ತಿ ಕೇಳಿಸ್ತು ಕಣೇ,” ಎಂದಳು.

ಆ ಸಂಬಂಧ ಕೂಡಿಬರಲಿಲ್ಲ. ಸೋಮವಾರ ಅಕ್ಕನೂ ನನ್ನ ಜೊತೆ ಬ್ಯೂರೋಗೆ ಬಂದಳು. ಶನಿವಾರ ಹೊರಗೆ ಹೋಗಿದ್ದದ್ದು ಅದೊಂದೇ ಹಾಳೆ ಎಂದು ತಿಳಿದು ನನಗೆ ಜೀವ ಬಂತು. ಮೇಡಂ ಬೈದಷ್ಟನ್ನೂ ಬೈಸಿಕೊಂಡು, ‘ಷರಾ’ ಬಂದರೆ ದಾಟಿ ಹೋಗು ಎಂದು ಲೂಪಿನೊಳಗೆ ಒಂದು ಸಾಲು ಸೇರಿಸಿದೆ. ಆಮೇಲೆ ಅಕ್ಕ ಹೇಳಿದಂತೆ ‘ಕಿವಿ’ ಎಂಬ ಹೊಸ ಪ್ರಾಪರ್ಟಿ ಮಾಡಿ, ಅವಳ ವಿವರದಲ್ಲಿ ‘ಬಲಗಿವಿ ಕೇಳಿಸದು, ಎಡಗಡೆ ಕೂತು ಮಾತಾಡಿ’ ಎಂದು ಟೈಪು ಮಾಡಿದೆ. ಪ್ರಿಂಟ್ ಮಾಡುವ ಕಡೆ ಏನನ್ನೂ ಬರೆಯಬೇಕಾಗಲಿಲ್ಲ. ಹಾಳೆಯಲ್ಲಿ ಅದು ತಾನಾಗಿಯೇ ಬಂತು.